ಮೈಯ ನೆನಪು, ಊರಿನ ನೆನಪು: ಉಸಿರಿನ ಬೇನೆಗಳು ಮತ್ತು ಮಲೆನಾಡಿನ ಜನಪದ ಸ್ಮೃತಿ

ಪ್ರಾಸ್ತಾವಿಕ

ರೋಗಗಳ ಚರಿತ್ರೆಯನ್ನು ಕಟ್ಟುವವರಿಗೆ ಸಾಮಾನ್ಯವಾಗಿ ಎರಡು ಬಗೆಯ ಆಕರಗಳು ದೊರೆಯುತ್ತವೆ. ಸರ್ಕಾರದ ಕಡತ, ಜನಗಣತಿಯ ವರದಿ, ವೈದ್ಯಾಧಿಕಾರಿಗಳ ಟಿಪ್ಪಣಿಗಳು ಒಂದು ಬಗೆ. ಜನರ ಆಚರಣೆ, ನಂಬಿಕೆ, ಗಾದೆ, ದೈವ, ಜಾತ್ರೆಗಳು ಇನ್ನೊಂದು ಬಗೆ. ಮೊದಲನೆಯದು ಎಷ್ಟು ಮಂದಿ ಸತ್ತರು ಎಂಬುದನ್ನು ಹೇಳಿದರೆ, ಎರಡನೆಯದು ಉಳಿದವರು ಆ ಸಾವುಗಳನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದನ್ನು ಹೇಳುತ್ತದೆ. ಇವೆರಡರ ಜೊತೆಗೆ ಮೂರನೆಯ ಆಕರವೊಂದು ಇದೆ ಎಂಬುದನ್ನು ಇತ್ತೀಚಿನ ವಿಜ್ಞಾನ ತೋರಿಸಿಕೊಟ್ಟಿದೆ. ಅದು ರೋಗವನ್ನು ಅನುಭವಿಸಿ ಉಳಿದವರ ಮೈ. ಒಮ್ಮೆ ಬಂದುಹೋದ ಬೇನೆಯ ಗುರುತನ್ನು ಮನುಷ್ಯನ ರಕ್ತ ಹತ್ತಾರು ವರ್ಷ ಕಾಪಾಡಿಕೊಳ್ಳಬಲ್ಲದು.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಮಲೆನಾಡಿನ ನಡುನೆಲೆ. ನರಸಿಂಹರಾಜಪುರದಿಂದ ಶಿವಮೊಗ್ಗದ ಕಡೆಗೆ ಸಾಗುವ ಹಾದಿಯ ಮುತ್ತಿನಕೊಪ್ಪದಂತಹ ಊರುಗಳಲ್ಲಿ ಕಾಡು, ಅಡಕೆ ತೋಟ, ಗದ್ದೆ ಹಾಗೂ ಚದುರಿದ ಮನೆಗಳ ಬದುಕು ಒಂದಕ್ಕೊಂದು ಹೆಣೆದುಕೊಂಡಿದೆ. ಈ ಸೀಮೆಯ ಜನಪದ ಬದುಕಿನಲ್ಲಿ ಬೇನೆಗಳಿಗೆ ದೊಡ್ಡ ಸ್ಥಾನವಿದೆ. ಸಿಡುಬಿಗೆ ಅಮ್ಮನಿದ್ದಾಳೆ, ಊರ ಗಡಿಗೆ ಮಾರಿಯಿದ್ದಾಳೆ, ಚಳಿಜ್ವರಕ್ಕೆ ಮದ್ದಿದೆ. ಆದರೆ ಕೆಲವೇ ವಾರಗಳಲ್ಲಿ ಇಡೀ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂದ 1918ರ ಇನ್‌ಫ್ಲುಯೆಂಜಾಕ್ಕೆ ಇಂತಹ ನೆಲೆಯೊಂದು ಏರ್ಪಡಲಿಲ್ಲ. ಇದು ಏಕೆ ಎಂಬ ಪ್ರಶ್ನೆಯೇ ಪ್ರಸ್ತುತ ಲೇಖನದ ಕೇಂದ್ರ. ಉತ್ತರವನ್ನು ಜನಪದ ಆಚರಣೆಗಳಲ್ಲಿ ಹುಡುಕಿದರಷ್ಟೇ ಸಾಲದು. ಉಸಿರಿನ ಮೂಲಕ ಬರುವ ವೈರಾಣುಗಳಿಗೆ ಮನುಷ್ಯನ ದೇಹ ಒಡ್ಡುವ ಪ್ರತಿರೋಧದ ಬಗೆಯನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಹೆಸರುಗಳಲ್ಲಿ ಅಡಗಿದ ತಿಳಿವಳಿಕೆ

ಕನ್ನಡದ ‘ಸೋಂಕು’ ಎಂಬ ಪದಕ್ಕೆ ಮೂಲದಲ್ಲಿ ‘ಮುಟ್ಟುವಿಕೆ’ ಎಂಬ ಅರ್ಥವಿದೆ. ‘ಅಂಟುಜಾಡ್ಯ’ ಎಂಬ ಮಾತೂ ಅದೇ ತಿಳಿವಳಿಕೆಯಿಂದ ಹುಟ್ಟಿದ್ದು. ಒಬ್ಬರಿಂದ ಒಬ್ಬರಿಗೆ ಏನೋ ಒಂದು ದಾಟುತ್ತದೆ ಎಂಬ ಗ್ರಹಿಕೆ ಸೂಕ್ಷ್ಮದರ್ಶಕಕ್ಕಿಂತ ಹಳೆಯದು. ‘ಗಾಳಿ ಸೋಂಕು’, ‘ಗಾಳಿ ಹಿಡಿಯಿತು’ ಎಂಬ ನುಡಿಗಟ್ಟುಗಳಲ್ಲಿ ಗಾಳಿ ಎಂದರೆ ಕಣ್ಣಿಗೆ ಕಾಣದ ಕೆಡುಕು. ಈ ಗಾಳಿಯನ್ನು ಇಂದಿನ ವೈರಾಣುವಿಗೆ ಸಮೀಕರಿಸುವುದು ಅವಸರದ ತೀರ್ಮಾನವಾದೀತು. ಜನಪದರ ಗಾಳಿ ಒಂದು ಇಚ್ಛೆಯುಳ್ಳ ಶಕ್ತಿ. ವೈರಾಣುವಿಗೆ ಇಚ್ಛೆಯಿಲ್ಲ. ಕಾಣದ್ದು ಉಸಿರಾಡುವ ಗಾಳಿಯಲ್ಲಿ ಬರಬಲ್ಲದು ಎಂಬ ಎಚ್ಚರ ಮಾತ್ರ ಎರಡಕ್ಕೂ ಸಮಾನ. ಇಟಲಿ ಭಾಷೆಯಿಂದ ಬಂದ ಇನ್‌ಫ್ಲುಯೆಂಜಾ ಎಂಬ ಹೆಸರಿನ ಹಿಂದೆಯೂ ಗ್ರಹತಾರೆಗಳ ‘ಪ್ರಭಾವ’ ಎಂಬ ಕಲ್ಪನೆಯಿರುವುದು ಇಲ್ಲಿ ಸ್ಮರಣೀಯ.

ನೆಗಡಿಯ ಬಗ್ಗೆ ಕನ್ನಡಿಗರಿಗೆ ಎರಡು ಮಾತುಗಳು ಚಿರಪರಿಚಿತ. ‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂಬುದು ಒಂದು. ಮದ್ದು ಮಾಡಿದರೆ ಒಂದು ವಾರ, ಮಾಡದಿದ್ದರೆ ಏಳು ದಿನ ಎಂಬುದು ಇನ್ನೊಂದು. ಎರಡನೆಯದು ನಗೆಮಾತಿನಂತೆ ಕಂಡರೂ ಅದರೊಳಗೆ ದೀರ್ಘಕಾಲದ ಅವಲೋಕನವಿದೆ. ನೆಗಡಿಯನ್ನು ವಾಸಿಮಾಡುವುದು ಹೊರಗಿನ ಮದ್ದಲ್ಲ, ಮೈಯೊಳಗಿನ ಯಾವುದೋ ಕೆಲಸ. ಆ ಕೆಲಸಕ್ಕೆ ಇಂತಿಷ್ಟು ದಿನ ಬೇಕು ಎಂಬುದೇ ಆ ಅವಲೋಕನ. ಆ ಕೆಲಸ ಯಾವುದೆಂಬುದನ್ನು ರೋಗನಿರೋಧ ಶಾಸ್ತ್ರ ವಿವರಿಸುತ್ತದೆ.

ಮೈಯೊಳಗಿನ ಕಾವಲು

ಮೂಗಿನಿಂದ ಶ್ವಾಸಕೋಶದವರೆಗಿನ ಉಸಿರಿನ ಹಾದಿಯುದ್ದಕ್ಕೂ ಲೋಳೆಯ ಹೊದಿಕೆಯಿದೆ. ಅದರ ಕೆಳಗಿನ ಜೀವಕೋಶಗಳ ಮೇಲೆ ಸೂಕ್ಷ್ಮವಾದ ರೋಮಗಳಿದ್ದು, ಅವು ಧೂಳು ಮತ್ತು ರೋಗಾಣುಗಳನ್ನು ಲೋಳೆಯೊಡನೆ ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಕೆಮ್ಮು, ಸೀನು, ಕಫ ಇವು ಈ ತಳ್ಳುವಿಕೆಯ ಮುಂದುವರಿದ ರೂಪಗಳು. ಈ ಕಾವಲನ್ನು ದಾಟಿದ ವೈರಾಣು ಜೀವಕೋಶದೊಳಗೆ ಹೊಕ್ಕು, ಆ ಕೋಶದ ಸಲಕರಣೆಗಳನ್ನೇ ಬಳಸಿಕೊಂಡು ತನ್ನ ಸಾವಿರಾರು ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ.

ದಾಳಿಗೊಳಗಾದ ಕೋಶ ಸಾಯುವ ಮುನ್ನ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಸೂಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಎಚ್ಚೆತ್ತ ಕೋಶಗಳು ವೈರಾಣುವಿನ ಬೆಳವಣಿಗೆಗೆ ಅಡ್ಡಿಯಾಗುವ ಏರ್ಪಾಟು ಮಾಡಿಕೊಳ್ಳುತ್ತವೆ. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇದನ್ನು ಕಂಡುಹಿಡಿದದ್ದು 1957ರಲ್ಲಿ, ಇನ್‌ಫ್ಲುಯೆಂಜಾ ವೈರಾಣುವಿನ ಮೇಲೆ ಪ್ರಯೋಗ ನಡೆಸುತ್ತಿದ್ದಾಗ. ಈ ಹಂತದಲ್ಲಿಯೇ ಮೈ ಬಿಸಿಯೇರುತ್ತದೆ, ಕೈಕಾಲು ಸೆಳೆಯುತ್ತವೆ, ಹಸಿವು ಇಂಗುತ್ತದೆ. ರೋಗಿ ರೋಗವೆಂದು ತಿಳಿಯುವ ಜ್ವರ, ಮೈಕೈ ನೋವುಗಳಲ್ಲಿ ಬಹುಪಾಲು ವೈರಾಣುವಿನ ನೇರ ಕೆಲಸವಲ್ಲ, ಅದರ ವಿರುದ್ಧ ಮೈ ನಡೆಸುವ ಹೋರಾಟದ ಫಲ.

ಇದು ಮೊದಲ ಸಾಲಿನ ಕಾವಲು. ಇದಕ್ಕೆ ಶತ್ರು ಯಾರೆಂಬ ನಿಖರ ತಿಳಿವಳಿಕೆ ಇರುವುದಿಲ್ಲ. ಎರಡನೆಯ ಸಾಲಿನ ಕಾವಲಿಗೆ ಅದು ಇರುತ್ತದೆ, ಆದರೆ ಸಿದ್ಧತೆಗೆ ಕಾಲ ಬೇಕು. ವೈರಾಣುವಿನ ತುಣುಕುಗಳನ್ನು ಹೊತ್ತ ಕೋಶಗಳು ಸಮೀಪದ ದುಗ್ಧಗ್ರಂಥಿಗಳಿಗೆ ಸಾಗಿ ಅಲ್ಲಿನ ಬಿಳಿ ರಕ್ತಕಣಗಳಿಗೆ ಅವನ್ನು ತೋರಿಸುತ್ತವೆ. ಕೋಟ್ಯಂತರ ಕಣಗಳಲ್ಲಿ ಆ ತುಣುಕಿಗೆ ಸರಿಹೊಂದುವ ಕೆಲವೇ ಕಣಗಳು ಆಯ್ಕೆಯಾಗಿ ಬಹುಸಂಖ್ಯೆಯಲ್ಲಿ ಹೆಚ್ಚುತ್ತವೆ. ಅವುಗಳಲ್ಲಿ ‘ಟಿ’ ಕಣಗಳ ಒಂದು ಪಂಗಡ ಸೋಂಕು ತಗಲಿದ ಕೋಶಗಳನ್ನು ಹುಡುಕಿ ನಾಶಮಾಡುತ್ತದೆ. ‘ಬಿ’ ಕಣಗಳು ವೈರಾಣುವಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಮೊದಲ ಬಾರಿಗೆ ಬಂದ ಬೇನೆಯಲ್ಲಿ ಇದಿಷ್ಟೂ ನಡೆಯಲು ಸುಮಾರು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಗಾದೆಯ ‘ಏಳು ದಿನ’ಕ್ಕೂ ಈ ಲೆಕ್ಕಕ್ಕೂ ಇರುವ ಹತ್ತಿರದ ಹೊಂದಾಣಿಕೆ ಗಮನಾರ್ಹ.

ಬೇನೆ ಇಳಿದ ಮೇಲೆ ಈ ಕಣಗಳಲ್ಲಿ ಬಹುಪಾಲು ಸಾಯುತ್ತವೆ. ಕೆಲವು ಮಾತ್ರ ಸ್ಮೃತಿಕೋಶಗಳಾಗಿ ಉಳಿಯುತ್ತವೆ. ಅದೇ ಶತ್ರು ಮತ್ತೆ ಬಂದರೆ ಅವು ತಡಮಾಡದೆ ಎಚ್ಚೆತ್ತುಕೊಳ್ಳುತ್ತವೆ. ಲಸಿಕೆ ಮಾಡುವುದೂ ಇದನ್ನೇ, ಬೇನೆಯ ಅಪಾಯವಿಲ್ಲದೆ ಬೇನೆಯ ನೆನಪನ್ನು ಮೈಗೆ ಕೊಡುವುದು.

ಅಮ್ಮ: ಗುರುತು ಉಳಿಸಿದ ಬೇನೆ

ಸಿಡುಬನ್ನು ಚರ್ಮದ ರೋಗವೆಂದು ಭಾವಿಸುವುದು ಸಹಜ. ಆದರೆ ಅದರ ವೈರಾಣು ಮುಖ್ಯವಾಗಿ ಮೈಯೊಳಗೆ ಬರುತ್ತಿದ್ದುದು ಉಸಿರಿನ ಹಾದಿಯಿಂದಲೇ. ಮೈಮೇಲೆ ಗುಳ್ಳೆ ಏಳುವ ಮುನ್ನ ಹಲವು ದಿನ ಅದು ಒಳಗೇ ಬೆಳೆಯುತ್ತಿತ್ತು. ಹೀಗೆ ಉಸಿರಿನಿಂದ ಬಂದು ಮೈಮೇಲೆ ಅಳಿಸಲಾಗದ ಕಲೆ ಬಿಟ್ಟುಹೋಗುತ್ತಿದ್ದ ಈ ಬೇನೆಯನ್ನು ಜನ ‘ಅಮ್ಮ’ ಎಂದು ಕರೆದರು. ಅಮ್ಮ ‘ಬರುತ್ತಾಳೆ’, ‘ಆಡುತ್ತಾಳೆ’, ‘ಇಳಿಯುತ್ತಾಳೆ’ ಎಂಬ ಕ್ರಿಯಾಪದಗಳು ಬೇನೆಯ ಹಂತಗಳನ್ನು ಗುರುತಿಸುತ್ತವೆ. ರೋಗಿಯಿರುವ ಮನೆಗೆ ಬೇವಿನ ಸೊಪ್ಪು ಕಟ್ಟುವುದು, ಹೊರಗಿನವರು ಬಾರದಂತೆ ನೋಡಿಕೊಳ್ಳುವುದು, ಒಗ್ಗರಣೆ ಹಾಕದಿರುವುದು, ತಂಪಾದ ಸಪ್ಪೆ ಆಹಾರ ಕೊಡುವುದು, ಬೇನೆ ಇಳಿದು ತಲೆಗೆ ನೀರು ಹಾಕುವವರೆಗೆ ರೋಗಿಯನ್ನು ಪ್ರತ್ಯೇಕವಾಗಿರಿಸುವುದು ಇವೆಲ್ಲ ಮಡಿಯ ರೂಪದಲ್ಲಿದ್ದ ಕಟ್ಟಳೆಗಳು. ಹೆದರಿಕೆ ಮತ್ತು ಭಕ್ತಿಗಳ ಜೊತೆಗೇ ಸೋಂಕು ಹರಡದಂತೆ ತಡೆಯುವ ವಿವೇಕವೂ ಅವುಗಳಲ್ಲಿ ಸೇರಿಕೊಂಡಿತ್ತು.

ಇದಕ್ಕಿಂತ ಮುಖ್ಯವಾದದ್ದು, ಒಮ್ಮೆ ಅಮ್ಮನಾದವರಿಗೆ ಮತ್ತೆ ಆಗುವುದಿಲ್ಲ ಎಂಬ ತಿಳಿವಳಿಕೆ. ಮುಖದ ಮೇಲಿನ ಕಲೆಯೇ ಅದಕ್ಕೆ ಸಾಕ್ಷಿ. ಆರೈಕೆಗೆ ಹತ್ತಿರ ಹೋಗಬಲ್ಲವರು ಯಾರು ಎಂಬುದನ್ನು ಆ ಕಲೆ ಹೇಳುತ್ತಿತ್ತು. ಕ್ರಿಸ್ತಪೂರ್ವ 430ರ ಅಥೆನ್ಸಿನ ಪಿಡುಗನ್ನು ವರ್ಣಿಸುವ ಥ್ಯುಸಿಡಿಡೀಸನೂ ಬೇನೆಯಿಂದ ಚೇತರಿಸಿಕೊಂಡವರೇ ನಿರ್ಭಯವಾಗಿ ರೋಗಿಗಳ ಸೇವೆ ಮಾಡಿದರೆಂದು ದಾಖಲಿಸಿದ್ದಾನೆ. ರೋಗನಿರೋಧ ಶಕ್ತಿಯ ಮೊದಲ ಪಾಠವನ್ನು ಜಗತ್ತಿನ ಎಲ್ಲ ಕಡೆಯೂ ಜನಸಾಮಾನ್ಯರು ರೋಗಿಯ ಹಾಸಿಗೆಯ ಬಳಿಯೇ ಕಲಿತರು.

ಈ ತಿಳಿವಳಿಕೆ ಮೈಸೂರು ಸೀಮೆಯಲ್ಲಿ ಅರಮನೆಯ ಮಟ್ಟಕ್ಕೂ ಏರಿದ್ದಕ್ಕೆ ಒಂದು ಅಪೂರ್ವ ಸಾಕ್ಷ್ಯವಿದೆ. ಐರಿಷ್ ಕಲಾವಿದ ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದ ತೈಲಚಿತ್ರವೊಂದರಲ್ಲಿ ಅರಮನೆಯ ಮೂವರು ಸ್ತ್ರೀಯರಿದ್ದಾರೆ. ಅವರಲ್ಲಿ ಇಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರೆಂದೂ, ಚಿತ್ರದ ಉದ್ದೇಶ ಗೋಸಿಡುಬಿನ ಲಸಿಕೆಯನ್ನು ಜನಪ್ರಿಯಗೊಳಿಸುವುದೇ ಆಗಿತ್ತೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಕಿರಿಯ ರಾಣಿ ಲಸಿಕೆ ಹಾಕಿಸಿಕೊಂಡ ತೋಳಿನ ಭಾಗವನ್ನು ಸೆರಗು ಸರಿಸಿ ತೋರಿಸುತ್ತಿದ್ದಾಳೆ. ಹಿರಿಯ ರಾಣಿಯ ಮೂಗು, ಬಾಯಿಗಳ ಸುತ್ತ ಬಣ್ಣಗೆಟ್ಟ ಗುರುತಿದೆ. ಸಿಡುಬಿನ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿನ ಮೂಲಕ ಏರಿಸುವ ಹಳೆಯ ಪದ್ಧತಿಯ ಕುರುಹು ಅದು ಎಂಬುದು ಅವರ ಊಹೆ. ಈ ಊಹೆ ಸರಿಯಾದರೆ, ಒಂದೇ ಚಿತ್ರದಲ್ಲಿ ಮೈಗೆ ನೆನಪು ಕೊಡುವ ಎರಡು ಕಾಲಘಟ್ಟಗಳು ಅಕ್ಕಪಕ್ಕ ನಿಂತಿವೆ. ಭಾರತದಲ್ಲಿ ಮೊದಲ ಲಸಿಕೆ ಮುಂಬಯಿಯಲ್ಲಿ ಹಾಕಲ್ಪಟ್ಟದ್ದು 1802ರ ಜೂನ್‌ನಲ್ಲಿ. ಮೂರೇ ವರ್ಷಗಳಲ್ಲಿ ಅದು ಮೈಸೂರಿನ ಅಂತಃಪುರವನ್ನು ಮುಟ್ಟಿತ್ತು. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣಗಳು ದಾಖಲಾದವು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಬೇನೆ ಹೋದರೂ ಅಮ್ಮನ ಪೂಜೆ ನಿಲ್ಲಲಿಲ್ಲ.

ದಡಾರದ ವಿಷಯದಲ್ಲಿಯೂ ಜನಪದ ಎಚ್ಚರ ಸೂಕ್ಷ್ಮವಾಗಿದೆ. ದಡಾರ ಇಳಿದ ಮೇಲೂ ಮಗುವನ್ನು ಬಹುಕಾಲ ಪಥ್ಯದಲ್ಲಿಟ್ಟು ಜೋಪಾನ ಮಾಡಬೇಕೆಂಬುದು ಮನೆಯ ಹಿರಿಯ ಹೆಂಗಸರ ಕಟ್ಟಳೆ. ದಡಾರದ ವೈರಾಣು ಸ್ಮೃತಿಕೋಶಗಳನ್ನೇ ನಾಶಮಾಡಿ, ಮೈ ಹಿಂದೆ ಕಲಿತಿದ್ದ ಪಾಠಗಳನ್ನು ಅಳಿಸುತ್ತದೆ ಎಂಬುದು 2019ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ಸ್ಪಷ್ಟವಾಯಿತು. ದಡಾರವಾದ ಮಕ್ಕಳು ಮುಂದಿನ ತಿಂಗಳುಗಳಲ್ಲಿ ಬೇರೆ ಬೇನೆಗಳಿಗೆ ಸುಲಭವಾಗಿ ತುತ್ತಾಗುವುದಕ್ಕೆ ಇದೇ ಕಾರಣ. ಕಾರಣ ತಿಳಿಯದಿದ್ದರೂ ಪರಿಣಾಮವನ್ನು ಹಿರಿಯರು ಕಂಡಿದ್ದರು.

1918: ಗುರುತು ಉಳಿಸದ ಜ್ವರ

1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಜ್ವರ ಮೊದಲಿಗೆ ಸೌಮ್ಯವಾಗಿತ್ತು. ಬಹುಪಾಲು ಜನ ಮೂರು ನಾಲ್ಕು ದಿನ ಮಲಗಿ ಎದ್ದರು. ಸೆಪ್ಟೆಂಬರ್‌ನಲ್ಲಿ ಅದು ಮರಳಿ ಬಂದಾಗ ಅದರ ಸ್ವರೂಪವೇ ಬದಲಾಗಿತ್ತು. ಮೈಸೂರು ಸಂಸ್ಥಾನದ ಅಶ್ವದಳ ದೂರದ ಹೈಫಾ ನಗರವನ್ನು ಗೆದ್ದದ್ದು ಅದೇ ಸೆಪ್ಟೆಂಬರ್ 23ರಂದು. ಆ ಗೆಲುವಿನ ಸುದ್ದಿ ತಾಯ್ನಾಡನ್ನು ತಲುಪುವ ವಾರಗಳಲ್ಲಿಯೇ ಸಂಸ್ಥಾನದ ಊರುಗಳಲ್ಲಿ ಜ್ವರ ಹಬ್ಬುತ್ತಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಎಂ.ವಿಶ್ವೇಶ್ವರಯ್ಯನವರು ದಿವಾನರು. ನಗರಗಳಲ್ಲಿ ಔಷಧ ಮತ್ತು ಗಂಜಿಯನ್ನು ಜನರಿಗೆ ತಲುಪಿಸುವ ಯತ್ನಗಳು ನಡೆದವು. ಪ್ಲೇಗಿನ ಅನುಭವದಿಂದ ರೂಪುಗೊಂಡಿದ್ದ ಆಡಳಿತಕ್ಕೂ ಈ ಜ್ವರದ ವೇಗವನ್ನು ಹಿಡಿಯುವುದು ಕಷ್ಟವಾಯಿತು.

ಮಲೆನಾಡು ಆ ಹೊತ್ತಿಗೆ ಹಿಂದಿನಷ್ಟು ಮುಚ್ಚಿದ ಸೀಮೆಯಾಗಿರಲಿಲ್ಲ. ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ರೈಲು ಬಂದು ಎರಡು ದಶಕಗಳಾಗುತ್ತಿದ್ದವು. ಎಡೇಹಳ್ಳಿ ಎಂಬ ಹಳೆಯ ಊರು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ 1915ರ ಭೇಟಿಯ ನೆನಪಿಗೆ, ನರಸಿಂಹರಾಜಪುರವಾಗಿತ್ತು. ತರೀಕೆರೆಗೂ ನರಸಿಂಹರಾಜಪುರಕ್ಕೂ ನಡುವೆ ಕಿರುಹಳಿಯ ಟ್ರಾಮ್ ಗಾಡಿ ಓಡತೊಡಗಿದ್ದು ಆ ವರ್ಷಗಳಲ್ಲಿಯೇ. ಮರ, ಅಡಕೆ, ಕಾಫಿ ಹೊರಹೋಗಲು ತೆರೆದ ಹಾದಿಗಳಲ್ಲಿ ಮನುಷ್ಯರೂ ಓಡಾಡುತ್ತಿದ್ದರು. ಮನುಷ್ಯರ ಉಸಿರಿನಲ್ಲಿ ಸಾಗುವ ಬೇನೆಗೆ ಬೇರೆ ಹಾದಿ ಬೇಕಿರಲಿಲ್ಲ. ಮುತ್ತಿನಕೊಪ್ಪದಂತಹ ಊರುಗಳಿಗೆ ಹೊರಜಗತ್ತು ಹತ್ತಿರವಾದ ಕಾಲ ಮತ್ತು ಜಗತ್ತಿನ ಮಹಾಜ್ವರದ ಕಾಲ ಒಂದೇ ಆಗಿದ್ದದ್ದು ಚರಿತ್ರೆಯ ವಿಷಾದದ ಸಂಗತಿ.

ಮಲೆನಾಡಿನ ವಾಸದ ಕ್ರಮವೂ ಇಲ್ಲಿ ವಿಚಾರಾರ್ಹ. ತೋಟ, ಗದ್ದೆಗಳ ನಡುವೆ ಒಂಟಿಯಾಗಿ ನಿಂತ ಮನೆಗಳು ಹಲವು ಅಂಟುಬೇನೆಗಳಿಂದ ರಕ್ಷಣೆ ಕೊಡುತ್ತವೆ. ಆದರೆ ಇನ್‌ಫ್ಲುಯೆಂಜಾ ಮನೆಯೊಳಗೆ ಬಂದರೆ ಒಂದೆರಡು ದಿನಗಳಲ್ಲಿ ಎಲ್ಲರನ್ನೂ ಮಲಗಿಸಬಲ್ಲದು. ಆಗ ಒಲೆ ಹೊತ್ತಿಸುವವರು, ನೀರು ಸೇದುವವರು, ಗಂಜಿ ಕಾಯಿಸುವವರು ಇಲ್ಲವಾದರೆ ನೆರೆಮನೆಯ ದೂರವೇ ಅಪಾಯವಾಗುತ್ತದೆ. ಇದರ ಜೊತೆಗೆ ಮಲೇರಿಯಾ ಈ ಸೀಮೆಯ ಜನರ ರಕ್ತವನ್ನು ತಲೆಮಾರುಗಳಿಂದ ಬಡವಾಗಿಸಿತ್ತು. ಆ ವರ್ಷ ದೇಶದಾದ್ಯಂತ ಮುಂಗಾರು ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು.

ಸಾವಿನ ಲೆಕ್ಕ ಇಂದಿಗೂ ಅಂದಾಜಿನದೇ. ಭಾರತ ಸರ್ಕಾರದ ನೈರ್ಮಲ್ಯ ಆಯುಕ್ತ ನಾರ್ಮನ್ ವೈಟ್ ಸುಮಾರು 60 ಲಕ್ಷವೆಂದರು. ಜನಗಣತಿಯ ಅಂಕಿಗಳನ್ನು ಪರಿಶೀಲಿಸಿದ ಕಿಂಗ್ಸ್‌ಲೀ ಡೇವಿಸ್ 1951ರಲ್ಲಿ ಸುಮಾರು 1.85 ಕೋಟಿ ಎಂದರು. ಐ.ಡಿ.ಮಿಲ್ಸ್ 1986ರಲ್ಲಿ 1.7ರಿಂದ 1.8 ಕೋಟಿಯೆಂದು ಲೆಕ್ಕ ಹಾಕಿದರು. ಹತ್ತು ವರ್ಷಗಳ ಅವಧಿಯಲ್ಲಿ, ಅಂದರೆ 1911ರಿಂದ 1921ರವರೆಗೆ, ಭಾರತದ ಜನಸಂಖ್ಯೆ ಹೆಚ್ಚಿದ್ದು ಶೇಕಡಾ 1.2ರಷ್ಟು ಮಾತ್ರ. ಮೈಸೂರು ಸಂಸ್ಥಾನದಲ್ಲಿ ಅದು ಸುಮಾರು 58 ಲಕ್ಷದಿಂದ 60 ಲಕ್ಷದ ಸಮೀಪಕ್ಕೆ ಬಂದು ನಿಂತಿತು.

ಹರೆಯದವರೇ ಏಕೆ ಸತ್ತರು?

ಸಾಮಾನ್ಯ ಜ್ವರಗಳು ಕೂಸುಗಳನ್ನೂ ಮುದುಕರನ್ನೂ ಒಯ್ಯುತ್ತವೆ. 1918ರ ಜ್ವರ ಇಪ್ಪತ್ತರಿಂದ ನಲವತ್ತರ ನಡುವಿನ ದುಡಿಯುವ ಹರೆಯದವರನ್ನು ಹೆಚ್ಚಾಗಿ ಒಯ್ದಿತು. ಭಾರತದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ತಮಗೆ ಜ್ವರವಿದ್ದಾಗಲೂ ಮನೆಮಂದಿಯ ಆರೈಕೆಗೆ ನಿಂತವರು ಅವರೇ ಎಂಬುದನ್ನು ಇದರ ಕಾರಣಗಳಲ್ಲಿ ಒಂದಾಗಿ ಪರಿಗಣಿಸಬೇಕಾಗುತ್ತದೆ.

ಹರೆಯದವರ ಸಾವಿಗೆ ವಿದ್ವಾಂಸರು ಕೊಡುವ ವಿವರಣೆಗಳು ಹಲವು. 1918ರ ವೈರಾಣುವನ್ನು ಹಳೆಯ ಅಂಗಾಂಶಗಳಿಂದ ದೊರೆತ ತಳಿಮಾಹಿತಿಯ ಆಧಾರದಿಂದ 2005ರಲ್ಲಿ ಪ್ರಯೋಗಾಲಯದಲ್ಲಿ ಮರುಸೃಷ್ಟಿಸಲಾಯಿತು. ಅದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದಾಗ ಶ್ವಾಸಕೋಶದಲ್ಲಿ ರೋಗನಿರೋಧ ವ್ಯವಸ್ಥೆ ಅಂಕೆ ಮೀರಿ ಕೆರಳಿದ್ದು ಕಂಡುಬಂತು. ಕೆರಳಿದ ಕಾವಲು ಶತ್ರುವಿನೊಡನೆ ಮನೆಯನ್ನೂ ಸುಡುತ್ತದೆ. ರಕ್ತನಾಳಗಳಿಂದ ದ್ರವ ಒಸರಿ ಗಾಳಿಗೂಡುಗಳು ತುಂಬುತ್ತವೆ, ಪ್ರಾಣವಾಯು ರಕ್ತಕ್ಕೆ ಸೇರುವುದಿಲ್ಲ, ತುಟಿ ಮತ್ತು ಉಗುರು ನೀಲಿಗಟ್ಟುತ್ತವೆ. ಇನ್ನೊಂದು ಕಾರಣ, ವೈರಾಣುವಿನಿಂದ ಒಳಪದರ ಕಿತ್ತುಹೋದ ಉಸಿರುನಾಳಗಳಿಗೆ ಬ್ಯಾಕ್ಟೀರಿಯಾಗಳು ಇಳಿದು ಉಂಟುಮಾಡುತ್ತಿದ್ದ ನ್ಯುಮೋನಿಯಾ. 2008ರಲ್ಲಿ ಆಗಿನ ಶವಪರೀಕ್ಷೆಗಳ ಮಾದರಿಗಳನ್ನು ಮರುಪರಿಶೀಲಿಸಿದ ಮೊರೆನ್ಸ್, ಟಾಬೆನ್‌ಬರ್ಗರ್ ಮತ್ತು ಫೌಚಿ ಹೆಚ್ಚಿನ ಸಾವುಗಳಿಗೆ ಈ ಎರಡನೆಯ ದಾಳಿಯೇ ಕಾರಣವೆಂದರು. ಅದಕ್ಕೆ ಮದ್ದಾಗಬಲ್ಲ ಪ್ರತಿಜೈವಿಕಗಳು ಆಗಿನ್ನೂ ಬಂದಿರಲಿಲ್ಲ. ಬೇನೆಗೆ ಕಾರಣ ವೈರಾಣುವೆಂಬುದೇ ಖಚಿತವಾದದ್ದು 1933ರಲ್ಲಿ.

ಹಾಗಾದರೆ ಉಳಿದವರನ್ನು ಉಳಿಸಿದ್ದು ಯಾವುದು? ಹಾಸಿಗೆಯ ವಿಶ್ರಾಂತಿ, ಬೆಚ್ಚನೆಯ ಹೊದಿಕೆ, ಗಂಜಿಯ ತಿಳಿ, ಕುದಿಸಿದ ನೀರು, ಇವನ್ನೆಲ್ಲ ಒದಗಿಸುವ ಒಬ್ಬ ಮನುಷ್ಯ. ಮೈಯ ಎರಡನೆಯ ಸಾಲಿನ ಕಾವಲು ಸಿದ್ಧವಾಗುವವರೆಗೆ ರೋಗಿಯನ್ನು ಜೀವಂತವಾಗಿ ಇರಿಸಿಕೊಳ್ಳುವುದೇ ಆಗಿನ ಚಿಕಿತ್ಸೆ. ಮಲೆನಾಡಿನ ಮನೆಮದ್ದುಗಳಾದ ಮೆಣಸಿನ ಸಾರು, ಶುಂಠಿ ಕಷಾಯ, ಆಡುಸೋಗೆಯ ರಸ, ದೊಡ್ಡಪತ್ರೆ, ತುಳಸಿ ಇವುಗಳ ಪಾತ್ರವನ್ನು ಈ ಬೆಳಕಿನಲ್ಲಿ ಅರಿಯಬೇಕು. ಇವು ವೈರಾಣುವನ್ನು ಕೊಲ್ಲುತ್ತವೆಂಬುದಕ್ಕೆ ಆಧಾರ ಸಾಲದು. ಕಫ ಸಡಿಲವಾಗುವುದಕ್ಕೆ, ಬಾಯಿಗೆ ರುಚಿ ಮರಳುವುದಕ್ಕೆ, ನೀರು ಮೈಗೆ ಸೇರುವುದಕ್ಕೆ ಅವು ನೆರವಾಗುತ್ತವೆ. ಕೆಮ್ಮಿನ ಔಷಧವಾದ ಬ್ರೋಮ್‌ಹೆಕ್ಸಿನ್ ರೂಪುಗೊಂಡದ್ದು ಆಡುಸೋಗೆಯ ಸಾರವಾದ ವ್ಯಾಸಿಸೀನಿನ ಮಾದರಿಯ ಮೇಲೆ ಎಂಬುದು ಇಲ್ಲಿ ಉಲ್ಲೇಖನೀಯ.

ಮರೆವಿನ ಕಾರಣಗಳು

ಇಷ್ಟು ದೊಡ್ಡ ಸಾವು ಜನಪದ ಸ್ಮೃತಿಯಲ್ಲಿ ಏಕೆ ನೆಲೆಗೊಳ್ಳಲಿಲ್ಲ? ಇದು ಮಲೆನಾಡಿಗಷ್ಟೇ ಸೀಮಿತವಾದ ಪ್ರಶ್ನೆಯಲ್ಲ. ಅಮೆರಿಕದ ಇತಿಹಾಸಕಾರ ಆಲ್ಫ್ರೆಡ್ ಕ್ರಾಸ್ಬಿ ತಮ್ಮ ದೇಶ ಈ ಪಿಡುಗನ್ನು ಮರೆತುಬಿಟ್ಟಿತೆಂಬುದನ್ನೇ ತಮ್ಮ ಗ್ರಂಥದ ಶೀರ್ಷಿಕೆಯಾಗಿಸಿದರು. ಮಹಾಯುದ್ಧದ ನೆರಳು, ಪಿಡುಗಿನ ಅಲ್ಪ ಅವಧಿ ಮೊದಲಾದ ಕಾರಣಗಳನ್ನು ಇತಿಹಾಸಕಾರರು ಹೇಳುತ್ತಾರೆ. ಜಾನಪದದ ನೆಲೆಯಿಂದ ನೋಡಿದಾಗ ಬೇರೆ ಮೂರು ಕಾರಣಗಳು ತೋರುತ್ತವೆ.

ಮೊದಲನೆಯದು ಗುರುತು. ಸಿಡುಬು ಉಳಿದವರ ಮುಖದಲ್ಲಿ ಕಲೆ ಬಿಟ್ಟಿತು. ಇನ್‌ಫ್ಲುಯೆಂಜಾ ಏನನ್ನೂ ಬಿಡಲಿಲ್ಲ. ಜ್ವರದಿಂದ ಎದ್ದವರನ್ನೂ ಜ್ವರ ಬಾರದವರನ್ನೂ ನೋಡಿ ಹೇಳುವಂತಿರಲಿಲ್ಲ. ಎರಡನೆಯದು ಆವರ್ತನ. ಸಿಡುಬು ಒಮ್ಮೆ ಬಂದು ಹೋದ ಊರಿನಲ್ಲಿ ಹೊಸ ಮಕ್ಕಳು ಹುಟ್ಟಿ, ರಕ್ಷಣೆಯಿಲ್ಲದವರ ಸಂಖ್ಯೆ ಹೆಚ್ಚಿದ ಮೇಲೆ ಮತ್ತೆ ಬರುತ್ತಿತ್ತು. ಹೀಗೆ ಕೆಲವು ವರ್ಷಗಳಿಗೊಮ್ಮೆ ಮರಳುವ ಬೇನೆಗೆ ಕೆಲವು ವರ್ಷಗಳಿಗೊಮ್ಮೆ ನಡೆಯುವ ಆಚರಣೆ ಒಗ್ಗುತ್ತದೆ. ಶಿರಸಿಯಲ್ಲಿ ಎರಡು ವರ್ಷಗಳಿಗೊಮ್ಮೆ, ಸಾಗರದಲ್ಲಿ ಮೂರು ವರ್ಷಗಳಿಗೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಗಳು, ಜಾತ್ರೆಗೆ ಮುನ್ನ ಊರಹೊರಗೆ ತಂಗುವ ಹೊರಬೀಡು, ಮಾರಿಯನ್ನು ಗಡಿ ದಾಟಿಸುವ ಕ್ರಮ ಇವೆಲ್ಲ ಮರಳಿ ಬರುವ ಶಕ್ತಿಯೊಡನೆ ಮಾಡಿಕೊಂಡ ಒಪ್ಪಂದಗಳಂತಿವೆ. ಮಹಾಜ್ವರ ಅದೇ ರೂಪದಲ್ಲಿ ಮರಳಲಿಲ್ಲ. ಇನ್‌ಫ್ಲುಯೆಂಜಾ ವೈರಾಣು ತನ್ನ ಹೊರಮೈಯ ಪ್ರೋಟೀನುಗಳನ್ನು ಸದಾ ಮಾರ್ಪಡಿಸಿಕೊಳ್ಳುತ್ತದೆ. ಮುಂದಿನ ವರ್ಷಗಳಲ್ಲಿ ಅದರ ಸಂತತಿ ಸಾಧಾರಣ ಶೀತಜ್ವರವಾಗಿ ಜನರ ನಡುವೆ ಉಳಿಯಿತು. ಹುಲಿ ಬೆಕ್ಕಾಗಿ ಮನೆಯಲ್ಲೇ ಸುಳಿದಾಡತೊಡಗಿದರೆ ಅದನ್ನು ಹುಲಿಯೆಂದು ಯಾರೂ ಗುರುತಿಸುವುದಿಲ್ಲ.

ಮೂರನೆಯದು ಹೆಸರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಹಲವು ವರ್ಷ ಮರಳಿ ಮರಳಿ ಬಂದಿತು, ಇಲಿ ಬೀಳುವುದೆಂಬ ಮುನ್ಸೂಚನೆ ಕೊಟ್ಟಿತು, ಗಡ್ಡೆಯೆಂಬ ಗುರುತು ತೋರಿತು. ಅದಕ್ಕೆ ಪ್ಲೇಗಮ್ಮ ಹುಟ್ಟಿದಳು. ಇನ್‌ಫ್ಲುಯೆಂಜಾ ಕೇವಲ ‘ಜ್ವರ’ವಾಗಿತ್ತು. ಜ್ವರಗಳ ಸೀಮೆಯಾದ ಮಲೆನಾಡಿನಲ್ಲಿ ಅದು ಇತರ ಜ್ವರಗಳೊಡನೆ ಬೆರೆತುಹೋಯಿತು.

ಇದೇ ಸೀಮೆಯ ಇನ್ನೊಂದು ವೈರಾಣು ಬೇನೆಯೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಸಿರಿನಿಂದ ಹರಡುವುದಲ್ಲ, ಉಣುಗು ಕಚ್ಚುವುದರಿಂದ ಬರುವಂಥದು. ಅದಕ್ಕೆ ಬಲಿಯಾದವರ ಸಂಖ್ಯೆ ಇನ್‌ಫ್ಲುಯೆಂಜಾದ ಮುಂದೆ ಅತ್ಯಲ್ಪ. ಆದರೂ ಮಲೆನಾಡಿನ ಮನೆಮನೆಗೆ ಅದು ಗೊತ್ತು. ಸತ್ತ ಮಂಗ ಅದರ ಗುರುತು, ಚಳಿಗಾಲದಿಂದ ಬೇಸಗೆಯವರೆಗಿನ ಅವಧಿ ಅದರ ಆವರ್ತನ, ಮಂಗ ಅದರ ಹೆಸರು. ಅದೇ 1957ರಲ್ಲಿ ಏಷ್ಯನ್ ಇನ್‌ಫ್ಲುಯೆಂಜಾ ಮದ್ರಾಸು ಬಂದರಿನ ಮೂಲಕ ಭಾರತಕ್ಕೆ ಬಂದು ಲಕ್ಷಾಂತರ ಜನರನ್ನು ಮಲಗಿಸಿತು. ಮಂಗನ ಕಾಯಿಲೆಯ ಹುಟ್ಟನ್ನು ನೆನೆಯುವ ಮಲೆನಾಡಿನಲ್ಲಿ ಆ ವರ್ಷದ ಜ್ವರದ ಮಾತು ಬರುವುದಿಲ್ಲ.

ಮೈ ಮರೆಯಲಿಲ್ಲ

ಊರು ಮರೆತದ್ದನ್ನು ಮೈ ಮರೆತಿರಲಿಲ್ಲ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು 1918ರಲ್ಲಿ ಚಿಕ್ಕ ಮಕ್ಕಳಾಗಿದ್ದು ಆಗ ತೊಂಬತ್ತು ದಾಟಿದ್ದ 32 ಮಂದಿಯ ರಕ್ತವನ್ನು ಪರೀಕ್ಷಿಸಿದರು. ಅವರೆಲ್ಲರಲ್ಲೂ 1918ರ ವೈರಾಣುವಿಗೆ ಎದುರಾಗುವ ಪ್ರತಿಕಾಯಗಳಿದ್ದವು. ಕೆಲವರ ರಕ್ತದಲ್ಲಿ ಆ ವೈರಾಣುವನ್ನು ಗುರುತಿಸುವ ಸ್ಮೃತಿಕೋಶಗಳೂ ಇನ್ನೂ ಉಳಿದಿದ್ದವು. ಮರುವರ್ಷ, 2009ರಲ್ಲಿ, ಹಂದಿಜ್ವರ ಜಗತ್ತಿನಾದ್ಯಂತ ಹರಡಿದಾಗ ವಯಸ್ಸಾದವರಿಗೆ ಸೋಂಕು ತಗಲಿದ್ದು ಕಡಿಮೆ. ಆ ವೈರಾಣು 1918ರ ವೈರಾಣುವಿನ ದೂರದ ಬಂಧುವಾಗಿತ್ತು. ಎಳವೆಯಲ್ಲಿ ಆ ಸಂತತಿಯ ವೈರಾಣುಗಳನ್ನು ಕಂಡಿದ್ದ ಹಿರಿಯರ ಮೈ ಅದನ್ನು ಗುರುತಿಸಿತು.

1918ರಲ್ಲಿಯೇ ಇದಕ್ಕೆ ಸೂಚನೆಯಿತ್ತು. ಬೇಸಗೆಯ ಸೌಮ್ಯ ಅಲೆಯಲ್ಲಿ ಜ್ವರ ಬಂದಿದ್ದ ಸೈನಿಕ ಶಿಬಿರಗಳಲ್ಲಿ ಶರತ್ಕಾಲದ ಮಾರಕ ಅಲೆಯ ಹೊಡೆತ ಕಡಿಮೆಯಾಗಿತ್ತೆಂಬುದನ್ನು ಸಂಶೋಧಕರು ಗುರುತಿಸಿದ್ದಾರೆ. ಆದರೆ ಮೈಯ ನೆನಪು ಆ ಮೈಯೊಡನೆಯೇ ಮುಗಿಯುತ್ತದೆ. ತಾಯಿಯಿಂದ ಕೂಸಿಗೆ ದಾಟುವ ಪ್ರತಿಕಾಯಗಳೂ ಕೆಲವೇ ತಿಂಗಳು ಇರುತ್ತವೆ. ತಲೆಮಾರಿನಿಂದ ತಲೆಮಾರಿಗೆ ದಾಟಬಲ್ಲದ್ದು ಊರಿನ ನೆನಪು ಮಾತ್ರ. ಅದು ಕತೆ, ಕಟ್ಟಳೆ, ಆಚರಣೆಗಳ ರೂಪದಲ್ಲಿರಬೇಕು.

ಸಮಾರೋಪ

2020ರ ಮಾರ್ಚ್‌ನಲ್ಲಿ ಕೊರೊನಾ ವೈರಾಣುವಿನಿಂದಾದ ಭಾರತದ ಮೊದಲ ಸಾವು ಕಲಬುರಗಿಯಲ್ಲಿ ದಾಖಲಾಯಿತು. ಆ ವಾರಗಳಲ್ಲಿ ಕರ್ನಾಟಕದ ಅನೇಕ ಹಳ್ಳಿಗಳು ತಮ್ಮ ಹಾದಿಗಳಿಗೆ ಮುಳ್ಳುಬೇಲಿ ಹಾಕಿಕೊಂಡವು. ಯಾರೂ ಕಲಿಸದಿದ್ದರೂ ಮಾರಿಯ ಗಡಿಯ ಕಲ್ಪನೆ ಎಚ್ಚೆತ್ತುಕೊಂಡಿತ್ತು. ಮರುವರ್ಷ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನ ಪ್ರತಿಷ್ಠೆಯೂ ನಡೆಯಿತು. ಸಿಡುಬು, ಪ್ಲೇಗುಗಳ ಕಾಲದಲ್ಲಿ ರೂಪುಗೊಂಡ ಜನಪದ ಸ್ಮೃತಿ ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಇವು ನಿದರ್ಶನಗಳು.

ಆದರೆ ಸಿಡುಬು, ಪ್ಲೇಗುಗಳು ಕಲಿಸದ, 1918 ಮಾತ್ರ ಕಲಿಸಬಹುದಾಗಿದ್ದ ಒಂದು ಪಾಠ ಆ ಸ್ಮೃತಿಯಲ್ಲಿ ಇರಲಿಲ್ಲ. ಮೊದಲು ಸೌಮ್ಯವಾಗಿ ಬಂದು ಹೋದ ಉಸಿರಿನ ಬೇನೆ ಎರಡನೆಯ ಬಾರಿ ಮಾರಕವಾಗಿ ಮರಳಬಲ್ಲದು ಎಂಬುದೇ ಆ ಪಾಠ. 2020ರ ಕೊನೆಯ ವೇಳೆಗೆ ಬೇನೆ ಇಳಿಮುಖವಾದಾಗ ಮದುವೆ, ಜಾತ್ರೆ, ಸಭೆಗಳು ಮತ್ತೆ ತುಂಬಿದವು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಬಂದಿತು. ವೈರಾಣು ಬೇರೆ, ಕಾಲ ಬೇರೆ, ಅಲೆಗೆ ಕಾರಣಗಳೂ ಬೇರೆ. ಆದರೂ ‘ಎರಡನೆಯ ಬರವು ಕಡುವಾದದ್ದು’ ಎಂಬ ಒಂದು ಕತೆ, ಒಂದು ಕಟ್ಟಳೆ ಮುತ್ತಜ್ಜಿಯರಿಂದ ಉಳಿದು ಬಂದಿದ್ದರೆ ಎಷ್ಟೋ ಮನೆಗಳು ಬಾಗಿಲು ತೆರೆಯುವ ಮುನ್ನ ಇನ್ನೊಮ್ಮೆ ಯೋಚಿಸುತ್ತಿದ್ದವು.

ಜನಪದ ಸ್ಮೃತಿ ದೊಡ್ಡ ದುಃಖಗಳನ್ನೆಲ್ಲ ತಾನಾಗಿ ಉಳಿಸಿಕೊಳ್ಳುತ್ತದೆ ಎಂಬ ನಂಬಿಕೆ ಜಾನಪದ ಅಧ್ಯಯನದಲ್ಲಿ ಅಲ್ಲಲ್ಲಿ ಕಾಣುತ್ತದೆ. 1918 ಈ ನಂಬಿಕೆಯನ್ನು ಪ್ರಶ್ನಿಸುತ್ತದೆ. ಗುರುತು, ಆವರ್ತನ, ಹೆಸರು ಇಲ್ಲದ ದುಃಖ ಎಷ್ಟು ದೊಡ್ಡದಾದರೂ ಕಳೆದುಹೋಗಬಲ್ಲದು. ಆದ್ದರಿಂದ ಜಾನಪದ ಸಂಗ್ರಾಹಕರು ಊರುಗಳಲ್ಲಿ ಇರುವ ದೈವಗಳನ್ನು ದಾಖಲಿಸುವುದರ ಜೊತೆಗೆ ದೈವವಾಗದೆ ಉಳಿದ ಬೇನೆಗಳನ್ನೂ ವಿಚಾರಿಸಬೇಕಾಗಿದೆ. 2020 ಮತ್ತು 2021ರಲ್ಲಿ ರೋಗಿಗಳಿಗೆ ಗಂಜಿ ಕೊಟ್ಟವರು, ಹೆಣ ಹೊತ್ತವರು, ಬೇಲಿ ಕಟ್ಟಿದವರು, ಬೇಲಿ ದಾಟಿ ಮದ್ದು ತಂದವರು ಮುತ್ತಿನಕೊಪ್ಪದಲ್ಲಿಯೂ ಮಲೆನಾಡಿನ ಇತರ ಊರುಗಳಲ್ಲಿಯೂ ಇಂದು ಬದುಕಿದ್ದಾರೆ. ಅವರ ಮೈಯಲ್ಲಿ ಬೇನೆಯ ನೆನಪಿದೆ. ಅದನ್ನು ಊರಿನ ನೆನಪಾಗಿಸುವ ಕೆಲಸ ಅವರ ಬಾಯಿಂದ ಕೇಳಿ ಬರೆದಿಡುವುದರಿಂದ ಆರಂಭವಾಗಬೇಕು.